ಹಿಂತಿರುಗುವ ಬಾಗಿಲು ತೆರೆದಿಟ್ಟ ತರಬೇತಿ: ‘ಪ್ರದಾನ್’ ಸಂಸ್ಥೆಯ ಅಪ್ರೆಂಟಿಸ್ ವರ್ಷ

ನೀವು ಒಂದು ಕೆಲಸಕ್ಕೆ ಸೇರಿದ್ದೀರಿ ಅಂತ ಇಟ್ಟುಕೊಳ್ಳಿ. ಕೈಯಲ್ಲಿ ಇಂಜಿನಿಯರಿಂಗ್ ಡಿಗ್ರಿ ಇದೆ, ಅಥವಾ ಕೃಷಿ ವಿಶ್ವವಿದ್ಯಾಲಯದ ಎಂ.ಎಸ್ಸಿ., ಇಲ್ಲಾ ಎಂ.ಎಸ್.ಡಬ್ಲ್ಯೂ. ಮೊದಲ ಕೆಲವು ತಿಂಗಳಲ್ಲೇ ನಿಮ್ಮನ್ನು ಜಾರ್ಖಂಡಿನದ್ದೋ ಪಶ್ಚಿಮ ಬಂಗಾಳದ ಪುರುಲಿಯಾ ಜಿಲ್ಲೆಯದ್ದೋ ಒಂದು ಹಳ್ಳಿಗೆ ಕಳಿಸುತ್ತಾರೆ. ಅಲ್ಲಿ ಒಂದು ಬಡ ಕುಟುಂಬದ ಜೊತೆ ಇರಬೇಕು. ಅವರು ಉಂಡದ್ದನ್ನೇ ಉಣ್ಣಬೇಕು, ಅವರು ಮಲಗಿದ ಕಡೆಯೇ ಮಲಗಬೇಕು. ಊರಿನವರಿಗೆ ಯಾವ ಯೋಜನೆಯ ಆಸೆಯನ್ನೂ ತೋರಿಸುವ ಹಾಗಿಲ್ಲ. ನೋಡಬೇಕು, ಕೇಳಬೇಕು, ಬರೆದುಕೊಳ್ಳಬೇಕು, ಅಷ್ಟೇ.

ಅದು ಮುಗಿದ ಮೇಲೆ ನಿಮ್ಮನ್ನು ನಿಮ್ಮದೇ ಮನೆಗೆ ಕಳಿಸುತ್ತಾರೆ. ಅಪ್ಪ ಅಮ್ಮನ ಹತ್ತಿರ ಕೂತು ಮಾತಾಡಿ, ಈ ಬದುಕು ನಿಮಗೆ ಬೇಕಾ ಬೇಡ್ವಾ ಅಂತ ನೀವೇ ತೀರ್ಮಾನ ಮಾಡಿಕೊಂಡು ಬನ್ನಿ ಅನ್ನುತ್ತಾರೆ. ಬೇಡ ಅನಿಸಿದರೆ ಬಿಟ್ಟುಬಿಡಬಹುದು. ಯಾರೂ ಬೈಯುವುದಿಲ್ಲ.

ಇದು ಹಳ್ಳಿಗಳಲ್ಲಿ ಬಡ ಕುಟುಂಬಗಳ ಜೊತೆ ಕೆಲಸ ಮಾಡುವ ‘ಪ್ರದಾನ್’ ಅನ್ನುವ ಸಂಸ್ಥೆ ದಶಕಗಳಿಂದ ನಡೆಸಿಕೊಂಡು ಬಂದ ಅಪ್ರೆಂಟಿಸ್ ತರಬೇತಿಯ ರೀತಿ. ಬಡತನ, ನೀರು, ಮಣ್ಣು, ಕಾಡು ಇವುಗಳ ಮೇಲೆ ಕೆಲಸ ಮಾಡಬೇಕು ಅಂತ ಬರುವ ಯುವಕ ಯುವತಿಯರಿಗೆ ಈಗ ನಮ್ಮ ದೇಶದಲ್ಲಿ ಬೇಕಾದಷ್ಟು ಫೆಲೋಶಿಪ್‌ಗಳಿವೆ, ಅಂದರೆ ಭತ್ಯೆ ಕೊಟ್ಟು ಸ್ವಲ್ಪ ಕಾಲ ಇಂಥ ಕೆಲಸಕ್ಕೆ ಹಾಕುವ ಕಾರ್ಯಕ್ರಮಗಳು. ಎಲ್ಲರೂ ನಾಯಕತ್ವ ಕಲಿಸುತ್ತೇವೆ ಅನ್ನುತ್ತಾರೆ. ಆದರೂ ನಾನು ಈ ಒಂದನ್ನೇ ಇಲ್ಲಿ ಪೂರ್ತಿ ಬಿಡಿಸಿ ಬರೆಯುತ್ತಿದ್ದೇನೆ. ಅದಕ್ಕೆ ನನ್ನದೇ ಒಂದು ಕಾರಣ ಇದೆ.

ನನ್ನ ಕೈತೋಟದ ಕಥೆ

ನಾನೂ ಒಂದು ಕಾಲದಲ್ಲಿ ಫೆಲೋ ಆಗಿದ್ದೆ. ಉತ್ತರ ಕರ್ನಾಟಕದ ಒಂದು ಒಣಭೂಮಿ ಹಳ್ಳಿಗೆ ನನ್ನನ್ನು ಹಾಕಿದ್ದರು. ಹತ್ತು ದಿನ ತರಗತಿ ಆಯಿತು. ನಾಯಕತ್ವದ ಗುಣಗಳು, ಗುಂಪು ಆಟಗಳು, ಚಾರ್ಟ್ ಪೇಪರ್ ಮೇಲೆ ಬಣ್ಣದ ಪೆನ್ನು. ಮೂರನೇ ವಾರಕ್ಕೆ ‘ಪ್ರಾಜೆಕ್ಟ್ ಪ್ಲಾನ್’ ಕೊಡಬೇಕಿತ್ತು. ಊರಿನ ಹೆಸರು ಬಿಟ್ಟರೆ ನನಗೆ ಆ ಊರಿನ ಬಗ್ಗೆ ಬೇರೇನೂ ಗೊತ್ತಿರಲಿಲ್ಲ. ಹೆಂಗಸರಿಗೆ ಪೌಷ್ಟಿಕ ಕೈತೋಟ ಅಂತ ಬರೆದುಕೊಟ್ಟೆ. ಓದಲು ಚೆನ್ನಾಗಿತ್ತು. ಒಪ್ಪಿಗೆಯೂ ಸಿಕ್ಕಿತು. ಬೀಜ ಹಂಚಿದೆವು, ಫೋಟೋ ತೆಗೆದೆವು.

ಬೇಸಿಗೆ ಬಂತು. ಆ ಊರಿನ ಹೆಂಗಸರು ಕುಡಿಯುವ ನೀರಿಗೆ ಒಂದು ಕಿಲೋಮೀಟರ್ ಆಚೆಯ ಬೋರ್‌ವೆಲ್ಲಿಗೆ ಹೋಗುತ್ತಾರೆ ಅನ್ನುವುದು ನನಗೆ ಆಮೇಲೆ ಗೊತ್ತಾಯಿತು. ಒಬ್ಬರು ಅವ್ವ ನನ್ನನ್ನು ಕಟ್ಟೆ ಮೇಲೆ ಕೂರಿಸಿ ಹೇಳಿದರು: “ಕುಡ್ಯಾಕ ನೀರಿಲ್ಲೋ ತಮ್ಮಾ, ಬದನಿ ಗಿಡಕ್ಕ ಎಲ್ಲಿಂದ ತರೂದು?” ಅವರ ದನಿಯಲ್ಲಿ ಸಿಟ್ಟು ಇರಲಿಲ್ಲ. ಇದ್ದಿದ್ದರೆ ನನಗೆ ಎಷ್ಟೋ ಹಗುರ ಆಗುತ್ತಿತ್ತು.

ಆ ಫೆಲೋಶಿಪ್ ನಡೆಸಿದವರು ಕೆಟ್ಟವರಲ್ಲ. ಹಣ ಕೊಟ್ಟವರಿಗೆ ಮೂರು ತಿಂಗಳಿಗೊಮ್ಮೆ ವರದಿ ಕಳಿಸಬೇಕಿತ್ತು, ಹಾಗಾಗಿ ನಮ್ಮಿಂದ ಬೇಗ ಏನಾದರೂ ಬೇಕಿತ್ತು. ಅದೇ ಇಕ್ಕಟ್ಟನ್ನು ‘ಪ್ರದಾನ್’ ಹೇಗೆ ಬಿಡಿಸಿಕೊಂಡಿತು ಅನ್ನುವುದು ಆ ದಿನದಿಂದಲೂ ನನ್ನನ್ನು ಕಾಡುತ್ತಿದೆ.

ಜಾಮಖೇಡದಲ್ಲಿ ಹುಟ್ಟಿದ ಪ್ರಶ್ನೆ

ಈ ಸಂಸ್ಥೆಯ ಬೇರು 1977ರಲ್ಲಿದೆ. ದೀಪ್ ಜೋಶಿ ಅನ್ನುವ ಇಂಜಿನಿಯರ್ ಆಗ ಮಹಾರಾಷ್ಟ್ರದ ಜಾಮಖೇಡಕ್ಕೆ ಹೋದರು. ಅವರು ಈಗಿನ ಉತ್ತರಾಖಂಡದ ಪಿಥೋರಾಗಢ ಜಿಲ್ಲೆಯ ಹಳ್ಳಿಯವರು. ಅಮೆರಿಕದ ಎಂಐಟಿಯಲ್ಲಿ ಓದಿ ವಾಪಸ್ ಬಂದಿದ್ದರು. ಜಾಮಖೇಡದಲ್ಲಿ ರಜನಿಕಾಂತ್ ಆರೋಳೆ ಮತ್ತು ಮೇಬಲ್ ಆರೋಳೆ ಎಂಬ ವೈದ್ಯ ದಂಪತಿ 1970ರಿಂದ ಕೆಲಸ ಮಾಡುತ್ತಿದ್ದರು. ಇಬ್ಬರೂ ವೆಲ್ಲೂರಿನಲ್ಲಿ ವೈದ್ಯಕೀಯ ಓದಿ, ಅಮೆರಿಕದಲ್ಲೂ ಕಲಿತು ಬಂದವರು. ಓದುಬರಹ ಬಾರದ ಹಳ್ಳಿ ಹೆಂಗಸರನ್ನೇ ಅವರು ಆರೋಗ್ಯ ಕಾರ್ಯಕರ್ತೆಯರನ್ನಾಗಿ ತಯಾರು ಮಾಡಿದ್ದರು.

ಜೋಶಿಯವರ ಮನಸ್ಸಿಗೆ ನಾಟಿದ್ದು ಇದು: ಇಷ್ಟು ಓದಿದವರು ಹಳ್ಳಿಯಲ್ಲಿ ಕೂತರೆ ಏನೆಲ್ಲ ಆಗಬಹುದು! ಹಾಗಾದರೆ ಉಳಿದ ಓದಿದವರು ಯಾಕೆ ಬರುತ್ತಿಲ್ಲ? ಆ ಕಾಲಕ್ಕೆ ಹಳ್ಳಿ ಕೆಲಸ ಅಂದರೆ ಒಂದೋ ಸರ್ಕಾರಿ ನೌಕರಿ, ಇಲ್ಲಾ ತ್ಯಾಗ. ಖಾದಿ ಚೀಲ ಹಾಕಿಕೊಂಡು, ಸಂಬಳ ಇಲ್ಲದೆ, ಮನೆಯವರ ಕಣ್ಣೀರಿನ ನಡುವೆ ಮಾಡುವ ಕೆಲಸ ಅಂತಲೇ ಜನ ತಿಳಿದಿದ್ದರು. ಡಾಕ್ಟರು, ಇಂಜಿನಿಯರು ಮಾಡುವ ಹಾಗೆ ಇದನ್ನೂ ಒಂದು ವೃತ್ತಿಯಾಗಿ, ಬದುಕಲು ಸಾಕಾಗುವ ಸಂಬಳ ತಗೊಂಡು, ಕಲಿತು ಮಾಡಬಹುದು ಅನ್ನುವ ಯೋಚನೆ ಹೊಸದು.

1983ರಲ್ಲಿ ಜೋಶಿ ಮತ್ತು ವಿಜಯ್ ಮಹಾಜನ್ ಸೇರಿ ‘ಪ್ರದಾನ್’ ಕಟ್ಟಿದರು. ಮಹಾಜನ್ ದೆಹಲಿ ಐಐಟಿ ಮತ್ತು ಅಹಮದಾಬಾದ್ ಐಐಎಂನಲ್ಲಿ ಓದಿದವರು. ಶುರುವಿನ ಹಣ ಫೋರ್ಡ್ ಫೌಂಡೇಶನ್‌ನಿಂದ ಬಂತು. ಹೆಸರು ಇಂಗ್ಲಿಷಿನ ಉದ್ದ ಹೆಸರೊಂದರ ಮೊದಲಕ್ಷರಗಳಿಂದ ಆದದ್ದು. ಆದರೆ ನಮಗೆ ಕನ್ನಡದಲ್ಲೂ ಸುಲಭವಾಗಿ ಅರ್ಥ ಆಗುತ್ತದೆ, ಪ್ರಶಸ್ತಿ ಪ್ರದಾನ ಅನ್ನುತ್ತೇವಲ್ಲ, ಅದೇ ಮಾತು.

ಮೊದಲ ಕೆಲವು ವರ್ಷ ಸಂಸ್ಥೆ ಮಾಡಿದ್ದು ಬೇರೆ. ಓದಿದ ಯುವಕರನ್ನು ಹಳ್ಳಿಗಳಲ್ಲಿ ಆಗಲೇ ಕೆಲಸ ಮಾಡುತ್ತಿದ್ದ ಸಣ್ಣ ಸಂಸ್ಥೆಗಳಿಗೆ ನೆರವಾಗಿ ಕಳಿಸುತ್ತಿದ್ದರು. ಲೆಕ್ಕಪತ್ರ, ಯೋಜನೆ, ತಾಂತ್ರಿಕ ಸಹಾಯ, ಹೀಗೆ. ಹೊರಗಿನಿಂದ ಬಂದ ಜಾಣ ಸಲಹೆ ಕೊಟ್ಟು ಹೋಗುತ್ತಾನೆ, ಹಳ್ಳಿಯ ಕೆಲಸ ಇನ್ನೊಬ್ಬರದ್ದು. ಈ ಏರ್ಪಾಡು ಅವರಿಗೆ ಸಾಲದು ಅನಿಸಿತು. 1980ರ ದಶಕದ ಕೊನೆಯ ಹೊತ್ತಿಗೆ ಸಂಸ್ಥೆ ತನ್ನದೇ ತಂಡಗಳನ್ನು ಹಳ್ಳಿಗಾಡಿನಲ್ಲಿ ಇಟ್ಟು ನೇರವಾಗಿ ಕೆಲಸ ಮಾಡಲು ಶುರು ಮಾಡಿತು. ಆಗಲೇ ನಿಜವಾದ ಸಮಸ್ಯೆ ಎದುರಾದದ್ದು.

ಇಕ್ಕಟ್ಟು ಏನು?

ಕ್ಯಾಂಪಸ್‌ನಿಂದ ಬರುವ ಹುಡುಗ ಹುಡುಗಿಯರಿಗೆ ತಲೆ ಇದೆ, ಉತ್ಸಾಹ ಇದೆ. ಹಳ್ಳಿ ಗೊತ್ತಿಲ್ಲ. ಹಳ್ಳಿಯಲ್ಲೇ ಹುಟ್ಟಿದವರಿಗೂ ಇನ್ನೊಬ್ಬರ ಹಳ್ಳಿ ಗೊತ್ತಿಲ್ಲ. ಸಂದರ್ಶನದಲ್ಲಿ ಎಲ್ಲರೂ ಚೆನ್ನಾಗಿ ಮಾತಾಡುತ್ತಾರೆ. ಯಾರು ಹತ್ತು ವರ್ಷ ಉಳಿಯುತ್ತಾರೆ, ಯಾರು ಆರು ತಿಂಗಳಿಗೆ ಬೇಸತ್ತು ಹೋಗುತ್ತಾರೆ ಅಂತ ಒಂದು ಗಂಟೆಯ ಮಾತುಕತೆಯಲ್ಲಿ ಹೇಗೆ ಹೇಳುವುದು? ತಪ್ಪು ಜನರನ್ನು ಇಟ್ಟುಕೊಂಡರೆ ಪೆಟ್ಟು ಬೀಳುವುದು ಸಂಸ್ಥೆಗೆ ಅಲ್ಲ, ಊರಿಗೆ. ನನ್ನ ಬದನೆ ಗಿಡದ ಹಾಗೆ.

ಎರಡು ದಾರಿ ಇದ್ದವು. ಒಂದು, ಆಯ್ಕೆಯನ್ನು ಇನ್ನೂ ಬಿಗಿ ಮಾಡುವುದು. ನಾಲ್ಕು ಸುತ್ತು ಪರೀಕ್ಷೆ, ಪ್ರಬಂಧ, ವಿಡಿಯೋ, ಶಿಫಾರಸು ಪತ್ರ. ಇವತ್ತಿನ ಬಹಳಷ್ಟು ಫೆಲೋಶಿಪ್‌ಗಳು ಹಿಡಿದಿರುವ ದಾರಿ ಇದು. ನೂರಾರು ಜನರಲ್ಲಿ ಒಬ್ಬರನ್ನು ಆರಿಸಿದ್ದೇವೆ ಅಂತ ಹೇಳಿಕೊಳ್ಳುವುದಕ್ಕೂ ಚೆನ್ನಾಗಿರುತ್ತದೆ. ಇನ್ನೊಂದು, ಬಾಗಿಲನ್ನು ಸ್ವಲ್ಪ ಅಗಲ ಇಟ್ಟು, ಬಂದವರೇ ತಮ್ಮನ್ನು ತಾವು ಪರೀಕ್ಷೆ ಮಾಡಿಕೊಳ್ಳಲು ಒಂದು ವರ್ಷ ಕೊಡುವುದು. ‘ಪ್ರದಾನ್’ ಎರಡನೆಯದನ್ನು ಆರಿಸಿಕೊಂಡಿತು.

ಆ ವರ್ಷ ಹೇಗೆ ಸಾಗುತ್ತದೆ

ಸುಮ್ನೆ ಒಂದು ಉದಾಹರಣೆಗೆ, ಧಾರವಾಡದಲ್ಲಿ ಕೃಷಿ ಓದಿದ ಒಬ್ಬ ಹುಡುಗಿ ಅಂದುಕೊಳ್ಳೋಣ. ಇದು ನಾನು ಕಲ್ಪಿಸಿಕೊಂಡ ಹುಡುಗಿ. ಆದರೆ ಅವಳು ಹಾದುಹೋಗುವ ಹಂತಗಳು ನಿಜವಾದವು.

ಅವಳನ್ನು ಒಂದು ತಂಡಕ್ಕೆ ಸೇರಿಸುತ್ತಾರೆ. ತಂಡ ಅಂದರೆ ಸಣ್ಣ ಪೇಟೆಯೊಂದರಲ್ಲಿ ಬಾಡಿಗೆ ಮನೆಯ ಕಚೇರಿ, ಕೆಲವೇ ಜನ ಸಹೋದ್ಯೋಗಿಗಳು, ಮೋಟಾರ್ ಸೈಕಲ್‌ಗಳು. ಒಬ್ಬ ಹಿರಿಯ ಸಹೋದ್ಯೋಗಿಯನ್ನು ಅವಳಿಗೆ ‘ಫೀಲ್ಡ್ ಗೈಡ್’ ಅಂತ ಕೊಡುತ್ತಾರೆ. ಈ ಗೈಡ್ ಮೇಷ್ಟ್ರಲ್ಲ. ತನ್ನದೇ ಹಳ್ಳಿಗಳ ಕೆಲಸ ನಡೆಸುತ್ತಾ, ಈ ಹುಡುಗಿಯನ್ನೂ ಜೊತೆಗೆ ಕರೆದುಕೊಂಡು ಓಡಾಡುವ ಅಕ್ಕ ಅಥವಾ ಅಣ್ಣ. ನಮ್ಮ ಕಡೆ ಬಡಗಿಯ ಹತ್ತಿರ, ಗ್ಯಾರೇಜಿನ ಮೇಸ್ತ್ರಿಯ ಹತ್ತಿರ ಹುಡುಗರು ಕೆಲಸ ಕಲಿಯುತ್ತಾರಲ್ಲ, ಅದೇ ಕ್ರಮ. ಅಪ್ರೆಂಟಿಸ್ ಅನ್ನುವ ಹೆಸರು ಅದಕ್ಕೇ ಸರಿಯಾಗಿದೆ. ಫೆಲೋ ಅನ್ನುವ ಮಾತಿನಲ್ಲಿ ಗೌರವ ಮೊದಲೇ ಬಂದುಬಿಡುತ್ತದೆ. ಅಪ್ರೆಂಟಿಸ್ ಅಂದಾಗ ಕಲಿಯಬೇಕಾದದ್ದು ಬಾಕಿ ಇದೆ ಅನ್ನುವುದು ಹೆಸರಿನಲ್ಲೇ ಇರುತ್ತದೆ.

ಆಮೇಲೆ ಹಳ್ಳಿ ವಾಸ. ಮೊದಲ ಎರಡು ಮೂರು ದಿನ ಎಲ್ಲವೂ ಹೊಸದು, ಖುಷಿಯಾಗಿರುತ್ತದೆ. ನಾಲ್ಕನೇ ದಿನ ಶುರುವಾಗುತ್ತದೆ ನೋಡಿ. ಶೌಚಕ್ಕೆ ಬಯಲಿಗೆ ಹೋಗಬೇಕಾಗಬಹುದು. ಮಾತು ಸಂತಾಲಿಯೋ ಕುಡ್‌ಮಾಲಿಯೋ, ಅರ್ಧ ಅರ್ಥವಾಗುವುದಿಲ್ಲ. ಮನೆಯವರು ತಮಗೆ ಇಲ್ಲದಿದ್ದರೂ ಅತಿಥಿಗೆ ಅಂತ ಇನ್ನೊಂದು ಹಿಡಿ ಅನ್ನ ಹಾಕುತ್ತಾರೆ. ಅದನ್ನು ತಿನ್ನುವುದೂ ಕಷ್ಟ, ಬಿಡುವುದೂ ಕಷ್ಟ. ಮನೆಯ ಗಂಡಸು ಹೆಂಡತಿಗೆ ಹೊಡೆಯುವುದನ್ನು ನೋಡಬೇಕಾಗಿ ಬರಬಹುದು. ಆಗ ಏನು ಮಾಡುವುದು? ಯಾವ ತರಗತಿಯಲ್ಲೂ ಇದಕ್ಕೆ ಉತ್ತರ ಸಿಗುವುದಿಲ್ಲ. ಅವಳು ಕಂಡದ್ದನ್ನು, ಅನಿಸಿದ್ದನ್ನು ಬರೆಯಬೇಕು. ಆಮೇಲೆ ಗೈಡ್ ಜೊತೆ ಕೂತು ಅದನ್ನೇ ಮಾತಾಡಬೇಕು. “ನಿನಗೆ ಏನು ಅನಿಸಿತು?” ಅನ್ನುವುದನ್ನು ಗಂಭೀರವಾಗಿ ಕೇಳುವ ತರಬೇತಿ ಇದು. ನಮ್ಮ ಸಾಮಾಜಿಕ ಸಂಸ್ಥೆಗಳಲ್ಲಿ ಇದು ಅಪರೂಪ.

ವಾಸದ ಜೊತೆ ಹಳ್ಳಿ ಅಧ್ಯಯನವೂ ನಡೆಯುತ್ತದೆ. ಊರಿನ ನಕ್ಷೆ, ಯಾರ ಜಮೀನು ಎಲ್ಲಿ, ಯಾರ ಮನೆಯಲ್ಲಿ ಎಷ್ಟು ತಿಂಗಳಿಗೆ ಅಕ್ಕಿ ಸಾಲುತ್ತದೆ, ಯಾರು ಯಾವ ತಿಂಗಳು ಕೂಲಿಗೆ ಗುಳೆ ಹೋಗುತ್ತಾರೆ, ಸಾಲ ಯಾರದ್ದು, ಬಡ್ಡಿ ಎಷ್ಟು. ಕೆಲವು ಮನೆಗಳ ಆದಾಯ ಖರ್ಚನ್ನು ಪೂರ್ತಿ ಬಿಡಿಸಿ ಬರೆಯಬೇಕು. ಕಾಗದದ ಮೇಲೆ ಬಡತನ ಅನ್ನುವ ಒಂದೇ ಪದ ಇದ್ದದ್ದು ಆಗ ಹತ್ತಾರು ಬೇರೆ ಬೇರೆ ಸಂಗತಿಗಳಾಗಿ ಒಡೆಯುತ್ತದೆ.

ಇಷ್ಟಾದ ಮೇಲೆ ಮನೆಗೆ ಕಳಿಸುವ ಹಂತ ಬರುತ್ತದೆ. ಈ ಇಡೀ ಪ್ರಕರಣದಲ್ಲಿ ನನಗೆ ಅತಿ ದೊಡ್ಡದಾಗಿ ಕಾಣುವುದು ಇದೇ. ಯಾಕೆ ಅಂದರೆ ನಮ್ಮ ದೇಶದಲ್ಲಿ ಇಪ್ಪತ್ತೆರಡು ಇಪ್ಪತ್ತಮೂರು ವರ್ಷದವರು ಒಬ್ಬರೇ ಬದುಕಿನ ತೀರ್ಮಾನ ಮಾಡುವುದಿಲ್ಲ. ಅಪ್ಪನ ಸಾಲ ಇರುತ್ತದೆ, ತಂಗಿಯ ಮದುವೆ ಇರುತ್ತದೆ, “ಇಷ್ಟು ಓದಿಸಿದ್ದು ಹಳ್ಳಿಯಲ್ಲಿ ಮಣ್ಣು ಹೊರಲಿಕ್ಕಾ?” ಅನ್ನುವ ಅಮ್ಮ ಇರುತ್ತಾರೆ. ಬಹುತೇಕ ತರಬೇತಿಗಳು ಮನೆಯವರು ಇಲ್ಲವೇ ಇಲ್ಲ ಅನ್ನುವ ಹಾಗೆ ನಡೆದುಕೊಳ್ಳುತ್ತವೆ. ಇಲ್ಲಿ ಆ ಮಾತುಕತೆಯನ್ನೇ ತರಬೇತಿಯ ಒಂದು ಭಾಗ ಮಾಡಿದ್ದಾರೆ. ಹಳ್ಳಿಯನ್ನು ನೋಡಿದ ಕಣ್ಣಿನಲ್ಲೇ ಮನೆಯನ್ನೂ ನೋಡಿ ಬಾ ಅಂತ. ಹೋದ ಹುಡುಗಿ ವಾಪಸ್ ಬಂದರೆ ತಾನಾಗಿ ಬಂದವಳು. ಬರದಿದ್ದರೆ ಅದೂ ಅವಳದೇ ತೀರ್ಮಾನ.

ವಾಪಸ್ ಬಂದವರಿಗೆ ಆಮೇಲೆ ತರಗತಿ. ಅಭಿವೃದ್ಧಿ ಅಂದರೇನು, ಬಡತನ ಯಾಕೆ ಇದೆ, ಗುಂಪಿನಲ್ಲಿ ನಾನು ಹೇಗೆ ವರ್ತಿಸುತ್ತೇನೆ, ಇಂಥ ವಿಷಯಗಳು. ನಂತರ ನಿಧಾನವಾಗಿ ಕೆಲವು ಹಳ್ಳಿಗಳ ಹೊಣೆ. ಈ ಕ್ರಮ ಗಮನಿಸಿ: ಮೊದಲು ಊರು, ನಂತರ ಮನೆ, ಆಮೇಲೆ ತರಗತಿ, ಕೊನೆಗೆ ಕೆಲಸ. ನಾನು ಮಾಡಿದ ಫೆಲೋಶಿಪ್‌ನಲ್ಲಿ ಇದು ಪೂರ್ತಿ ತಲೆಕೆಳಗಾಗಿತ್ತು.

ಹಥಿಯಾ ಮಳೆ ಮತ್ತು ಎರಡು ಗುಂಟೆ ಹೊಂಡ

ಇಷ್ಟೆಲ್ಲ ನೋಡಿ, ಕೇಳಿ, ಬರೆದು ಏನು ಉಪಯೋಗ ಅಂತ ಯಾರಾದರೂ ಕೇಳಬಹುದು. ಅವರಿಗೆ ಪುರುಲಿಯಾದ ಹೊಂಡದ ಕಥೆ ಹೇಳಬೇಕು.

ಪುರುಲಿಯಾ ಇರುವ ಛೋಟಾನಾಗಪುರ ಪ್ರಸ್ಥಭೂಮಿಯಲ್ಲಿ ವರ್ಷಕ್ಕೆ 1,200 ಮಿ.ಮೀ.ಗೂ ಜಾಸ್ತಿ ಮಳೆ ಬೀಳುತ್ತದೆ. ನಮ್ಮ ರಾಯಚೂರಿನ ಸುಮಾರು ಎರಡು ಪಟ್ಟು. ಆದರೂ ಅಲ್ಲಿಯ ರೈತರ ಭತ್ತ ಮತ್ತೆ ಮತ್ತೆ ಒಣಗುತ್ತದೆ, ಜನ ಗುಳೆ ಹೋಗುತ್ತಾರೆ. ಅಂಕಿ ಅಂಶ ಮಾತ್ರ ನೋಡುವವನಿಗೆ ಇದು ಬಿಡಿಸಲಾಗದ ಒಗಟು. ಊರಲ್ಲಿ ಕೂತು ನೋಡುವವನಿಗೆ ಅಲ್ಲ.

ಅಲ್ಲಿ ನೆಲ ಏರಿಳಿತದ್ದು. ಜನ ಅದಕ್ಕೆ ಬೇರೆ ಬೇರೆ ಹೆಸರು ಇಟ್ಟಿದ್ದಾರೆ. ಮೇಲಿನ ಕಲ್ಲು ನೆಲ ಟಾಂಡ್, ಅದರ ಕೆಳಗಿನ ಗದ್ದೆ ಬಾಯಿದ್, ಇನ್ನೂ ಕೆಳಗೆ ಕಾನಾಲಿ, ತಗ್ಗಿನ ಕೊನೆಯದು ಬಹಾಲ್. ಕರಾವಳಿಯವರಿಗೆ ಇದನ್ನು ವಿವರಿಸುವ ಅಗತ್ಯವೇ ಇಲ್ಲ. ಬೆಟ್ಟು, ಮಜಲು, ಬೈಲು ಅಂತ ನಮ್ಮವರು ಗದ್ದೆಗಳನ್ನು ಕರೆಯುವುದೂ ಹೀಗೆಯೇ ಅಲ್ವಾ? ತಗ್ಗಿನ ಗದ್ದೆಯಲ್ಲಿ ನೀರು ನಿಲ್ಲುತ್ತದೆ, ಅಲ್ಲಿ ಭತ್ತಕ್ಕೆ ಭಯ ಕಡಿಮೆ. ನಡುವಿನ ಬಾಯಿದ್ ಗದ್ದೆಯ ಕಥೆ ಬೇರೆ. ಕಾಳು ಕಟ್ಟುವ ಹೊತ್ತಿಗೆ, ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್‌ನಲ್ಲಿ, ಹಥಿಯಾ ಮಳೆ ಕೈಕೊಟ್ಟರೆ ಬೆಳೆ ಹೋಯಿತು. ಹಥಿಯಾ ಅಂದರೆ ಬೇರೇನೂ ಅಲ್ಲ, ನಮ್ಮ ಹಸ್ತಾ ಮಳೆಯೇ.

ಅಂದರೆ ಅಲ್ಲಿ ಬೇಕಿದ್ದದ್ದು ದೊಡ್ಡ ಅಣೆಕಟ್ಟಲ್ಲ. ಒಂದು ಗದ್ದೆಗೆ, ಒಂದೆರಡು ವಾರ, ಒಂದು ಮಳೆಯಷ್ಟು ನೀರು. 1990ರ ದಶಕದಲ್ಲಿ ‘ಪ್ರದಾನ್’ನ ಪುರುಲಿಯಾ ತಂಡ ಇದಕ್ಕೆ ಕಂಡುಕೊಂಡ ದಾರಿಗೆ ‘5% ಮಾದರಿ’ ಅಂತ ಹೆಸರು. ಪ್ರತಿ ರೈತ ತನ್ನ ಪ್ರತಿ ತುಂಡು ಗದ್ದೆಯ ನೂರರಲ್ಲಿ ಐದು ಪಾಲು ಜಾಗದಲ್ಲಿ ಹೊಂಡ ತೆಗೆಯಬೇಕು. ಎಕರೆಗೆ 40 ಗುಂಟೆ, ಹಾಗಾಗಿ ಎಕರೆಗೆ 2 ಗುಂಟೆ. ಮಳೆಗಾಲದಲ್ಲಿ ಹೊಂಡ ತುಂಬುತ್ತದೆ. ಮಳೆ ಕೈಕೊಟ್ಟಾಗ ಅದೇ ನೀರನ್ನು ಎತ್ತಿ ಹಾಕಬಹುದು. ಮೇಲಿನ ಗದ್ದೆಯ ಹೊಂಡದಿಂದ ಇಂಗಿದ ನೀರು ಕೆಳಗಿನ ಗದ್ದೆಗೆ ಜಿನುಗುತ್ತದೆ. ಹಾಗಾಗಿ ಒಬ್ಬರ ಹೊಂಡ ಇನ್ನೊಬ್ಬರಿಗೂ ನೀರು ಕೊಡುತ್ತದೆ. ಇಡೀ ಇಳಿಜಾರಿನ ಎಲ್ಲರೂ ತೆಗೆದರೆ ಮಾತ್ರ ಪೂರ್ತಿ ಫಲ.

ನಮ್ಮ ರಾಜ್ಯದಲ್ಲಿ 2014ರಿಂದ ಕೃಷಿ ಭಾಗ್ಯ ಯೋಜನೆಯಲ್ಲಿ ತೆಗೆದ ಕೃಷಿ ಹೊಂಡಗಳು ಓದುಗರಿಗೆ ನೆನಪಾಗಬಹುದು. ಅಲ್ಲಿ ಹೊಂಡಕ್ಕೆ ಪ್ಲಾಸ್ಟಿಕ್ ಹಾಸಿ ನೀರು ಇಂಗದ ಹಾಗೆ ಮಾಡುತ್ತಾರೆ. ಪುರುಲಿಯಾದಲ್ಲಿ ಇಂಗುವುದೇ ಅರ್ಧ ಕೆಲಸ. ಎರಡೂ ಅವರವರ ನೆಲಕ್ಕೆ ಸರಿ ಇರಬಹುದು. ನಾನು ಹೇಳುತ್ತಿರುವುದು ಇಷ್ಟೇ: ಟಾಂಡ್, ಬಾಯಿದ್, ಕಾನಾಲಿ, ಬಹಾಲ್ ಅನ್ನುವ ನಾಲ್ಕು ಪದಗಳನ್ನು ರೈತರ ಬಾಯಿಂದ ಕಲಿಯದವರಿಗೆ ಈ ಹೊಂಡ ಹೊಳೆಯುತ್ತಿರಲಿಲ್ಲ. ಹಳ್ಳಿ ಅಧ್ಯಯನದ ಮೊದಲ ವಾರದಲ್ಲಿ ಅಪ್ರೆಂಟಿಸ್ ಕಲಿಯುವುದೇ ಇಂಥ ಪದಗಳನ್ನು.

ಇನ್ನೊಂದು ಉದಾಹರಣೆ ಜಾರ್ಖಂಡಿನ ಟಸರ್, ಅಂದರೆ ಕಾಡು ಮರಗಳ ಮೇಲೆ ಬೆಳೆಯುವ ಹುಳುವಿನ ರೇಷ್ಮೆ. ಹೆಂಗಸರು ಗೂಡಿನಿಂದ ನೂಲು ತೆಗೆಯುವಾಗ ಬರಿ ತೊಡೆಯ ಮೇಲೆ ಎಳೆ ಹೊಸೆಯುತ್ತಿದ್ದರು, ಚರ್ಮ ಕಿತ್ತು ಬರುತ್ತಿತ್ತು. ನೂಲಿನ ಅಂಕಿ ಅಂಶದಲ್ಲಿ ಈ ಗಾಯ ಎಲ್ಲೂ ಕಾಣುವುದಿಲ್ಲ. ಆ ಹೆಂಗಸರ ಪಕ್ಕ ಕೂತವರಿಗೆ ಕಾಣುತ್ತದೆ. ತಂಡ ನೂಲು ತೆಗೆಯುವ ಯಂತ್ರಗಳ ಕಡೆ ಹೋಯಿತು. ಮುಂದೆ 2005ರಲ್ಲಿ ನೂಲುವ ಹೆಂಗಸರದ್ದೇ ‘ಮಸೂತಾ’ ಅನ್ನುವ ಉತ್ಪಾದಕರ ಕಂಪನಿ ಆಯಿತು.

ಬಿಟ್ಟು ಹೋಗುವವರು

ಈಗ ಕಷ್ಟದ ಮಾತಿಗೆ ಬರೋಣ. ಸೇರಿದವರಲ್ಲಿ ದೊಡ್ಡ ಪಾಲು ವರ್ಷ ಮುಗಿಯುವ ಮೊದಲೇ ಬಿಡುತ್ತಾರೆ. ಆಯ್ಕೆಗೆ ಖರ್ಚು ಮಾಡಿ, ಭತ್ಯೆ ಕೊಟ್ಟು, ಹಿರಿಯರ ಸಮಯ ಸುರಿದು, ಕೊನೆಗೆ ಕೈಯಲ್ಲಿ ಉಳಿಯುವವರು ಕಡಿಮೆ. ಹಣ ಕೊಡುವವರ ಕೋಣೆಯಲ್ಲಿ ಇದನ್ನು ವಿವರಿಸುವುದು ಸುಲಭ ಅಲ್ಲ. ನೂರಕ್ಕೆ ತೊಂಬತ್ತೈದು ಫೆಲೋಗಳು ಪೂರ್ತಿ ಮಾಡಿದರು ಅಂತ ಇನ್ನೊಬ್ಬರು ಸ್ಲೈಡ್ ತೋರಿಸುವಾಗ ಇವರದ್ದು ಸೋಲಿನ ಹಾಗೆಯೇ ಕಾಣುತ್ತದೆ.

ನನ್ನ ತೀರ್ಪು ಬೇರೆ. ಮನಸ್ಸಿಲ್ಲದೆ ಉಳಿದವನಿಗಿಂತ ಮನಸ್ಸಾರೆ ಬಿಟ್ಟವಳು ಊರಿಗೆ ಕಡಿಮೆ ತೊಂದರೆ ಕೊಡುತ್ತಾಳೆ. ಸರ್ಟಿಫಿಕೇಟಿಗಾಗಿ ಹಲ್ಲು ಕಚ್ಚಿ ಎರಡು ವರ್ಷ ಮುಗಿಸಿದವರನ್ನು ನಾನು ನೋಡಿದ್ದೇನೆ. ಅವರ ಊರಿನವರನ್ನೂ ನೋಡಿದ್ದೇನೆ.

ಆದರೆ ಒಂದು ಅನ್ಯಾಯ ಇದರಲ್ಲೂ ಉಳಿದಿದೆ. ಮನೆಗೆ ಹೋಗಿ ಯೋಚಿಸಿ ಬಾ ಅಂದಾಗ ಎಲ್ಲರ ಮನೆಯೂ ಒಂದೇ ಅಲ್ಲ. ತಿಂಗಳ ಸಂಬಳಕ್ಕೆ ಕಾದು ಕೂತ ಮನೆಯ ಮೊದಲ ಪದವೀಧರನಿಗೆ ‘ನನಗೆ ಏನು ಬೇಕು’ ಅನ್ನುವ ಪ್ರಶ್ನೆಯೇ ದುಬಾರಿ. ಹುಡುಗಿಯರಿಗೆ ಮನೆಯ ಬಾಗಿಲು ಒಮ್ಮೆ ಒಳಗೆ ಹೋದರೆ ಹೊರಗೆ ಬರುವುದು ಕಷ್ಟದ ಬಾಗಿಲೂ ಆಗಬಹುದು. ತಾವಾಗಿ ಬಿಟ್ಟವರು ಅಂತ ನಾವು ಲೆಕ್ಕ ಹಾಕುವವರಲ್ಲಿ ಕೆಲವರು ಬಿಡಬೇಕಾಗಿ ಬಂದವರು. ಈ ಮಾದರಿಯನ್ನು ನಮ್ಮಲ್ಲಿಗೆ ತರುವವರು ಅಲ್ಲಿ ಹೆಚ್ಚು ಜಾಗ್ರತೆ ಮಾಡಬೇಕು ಅಂತ ನನಗೆ ಬಲವಾಗಿ ಅನಿಸುತ್ತದೆ.

ಇನ್ನೊಂದು ಆಕ್ಷೇಪವೂ ಇದೆ. ಜೀವನೋಪಾಯ, ಹೊಂಡ, ಸ್ವಸಹಾಯ ಗುಂಪು ಅಂತ ಹೋದರೆ ಜಾತಿ, ಭೂಮಿ ಹಂಚಿಕೆ, ಕಾಡಿನ ಹಕ್ಕಿನ ಜಗಳಗಳು ಹಿಂದಕ್ಕೆ ಸರಿಯುತ್ತವೆ ಅನ್ನುವುದು. ಹೋರಾಟದಿಂದ ಬಂದ ಗೆಳೆಯರು ಇದನ್ನು ಹೇಳುತ್ತಲೇ ಇರುತ್ತಾರೆ. ಮಾತಿನಲ್ಲಿ ಹುರುಳಿದೆ. ವೃತ್ತಿಪರ ಅನ್ನುವ ಪದ ಜಗಳದಿಂದ ದೂರ ನಿಲ್ಲಲು ನೆಪವೂ ಆಗಬಹುದು. ಆದರೆ ವಾರ ವಾರ ಹೆಂಗಸರ ಗುಂಪಿನಲ್ಲಿ ನೆಲದ ಮೇಲೆ ಕೂತು ಲೆಕ್ಕ ಬರೆಯುವ ಕೆಲಸವನ್ನು ಬರಿ ಹಣಕಾಸು ಅಂತ ತಳ್ಳಿಹಾಕುವುದು ನನಗೆ ಒಪ್ಪಿಗೆ ಇಲ್ಲ. ಅಂಥ ಗುಂಪುಗಳ ಮೊದಲ ಪಾಠಗಳು ಬಂದದ್ದು 1980ರ ದಶಕದ ಮಧ್ಯದಲ್ಲಿ ನಮ್ಮದೇ ರಾಜ್ಯದ ಮೈರಾಡಾ ಸಂಸ್ಥೆಯ ಕೆಲಸದಿಂದ. 1992ರಲ್ಲಿ ಕೃಷಿ ಮತ್ತು ಗ್ರಾಮೀಣಾಭಿವೃದ್ಧಿಯ ರಾಷ್ಟ್ರೀಯ ಬ್ಯಾಂಕ್ ನಬಾರ್ಡ್ 500 ಗುಂಪುಗಳನ್ನು ಬ್ಯಾಂಕಿಗೆ ಜೋಡಿಸಲು ಹೊರಟಿತು. ಇವತ್ತು ನಮ್ಮ ಪ್ರತಿ ಊರಿನಲ್ಲೂ ಸಂಘದ ಅಕ್ಕಂದಿರು ಪಂಚಾಯಿತಿ ಕಟ್ಟೆ ಹತ್ತುವ ಧೈರ್ಯ ಪಡೆದದ್ದು ಆ ನೆಲದ ಮೇಲಿನ ಸಭೆಗಳಲ್ಲೇ.

ಬಿಟ್ಟು ಹೋದವರ ಬಗ್ಗೆ ಇನ್ನೂ ಒಂದು ಮಾತು. ಸಂಸ್ಥೆ ಕಟ್ಟಿದ ಇಬ್ಬರಲ್ಲಿ ವಿಜಯ್ ಮಹಾಜನ್ ಅವರೇ ಮುಂದೆ ಹೊರಗೆ ಹೋಗಿ, 1996ರಲ್ಲಿ ‘ಬೇಸಿಕ್ಸ್’ ಅನ್ನುವ ಕಿರುಸಾಲ ಸಂಸ್ಥೆ ಶುರು ಮಾಡಿದರು. ಅದರ ಮೊದಲ ದಿನಗಳ ಸಾಲ ಕೊಟ್ಟದ್ದು ನಮ್ಮ ರಾಯಚೂರು ಜಿಲ್ಲೆಯಲ್ಲಿ. ಮುಂದೆ ರಾಯಚೂರು, ಕಲಬುರಗಿ, ಮಹಬೂಬ್‌ನಗರ ಈ ಮೂರು ಜಿಲ್ಲೆಗೆ ಅಂತ ಅವರು ಕಟ್ಟಿದ ಸಣ್ಣ ಬ್ಯಾಂಕಿಗೆ ‘ಕೃಷ್ಣಾ ಭೀಮಾ ಸಮೃದ್ಧಿ’ ಅಂತ ಎರಡು ನದಿಗಳ ಹೆಸರಿಟ್ಟರು. ಸಾಲ ವಸೂಲಿಯೇ ಕುಸಿದ 2010ರ ಆಂಧ್ರದ ಕಿರುಸಾಲ ಬಿಕ್ಕಟ್ಟಿನಲ್ಲಿ ‘ಬೇಸಿಕ್ಸ್’ಗೆ ಭಾರಿ ಪೆಟ್ಟು ಬಿತ್ತು. ಒಂದು ಕಡೆ ಕಲಿತದ್ದು ಇನ್ನೊಂದು ಕಡೆ ಎಲ್ಲೆಲ್ಲಿ ಹರಿಯುತ್ತದೆ, ಎಲ್ಲಿ ತಡೆ ಬೀಳುತ್ತದೆ ಅನ್ನುವುದಕ್ಕೆ ಇದು ನಮ್ಮ ಮನೆ ಹತ್ತಿರದ ಸಾಕ್ಷಿ.

ಜೋಶಿ ಅವರಿಗೆ 2009ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಅದರ ಉಲ್ಲೇಖದಲ್ಲಿ ತಲೆ ಮತ್ತು ಹೃದಯ ಎರಡನ್ನೂ ಒಟ್ಟುಗೂಡಿಸಿದ ಮಾತಿತ್ತು. ಅವರನ್ನು ಈ ದಾರಿಗೆ ಎಳೆದ ಆರೋಳೆ ದಂಪತಿಗೆ ಅದೇ ಪ್ರಶಸ್ತಿ 30 ವರ್ಷ ಮೊದಲು, 1979ರಲ್ಲಿ ಬಂದಿತ್ತು.

ಕಲೆಕ್ಟರ್ ಕಚೇರಿಯ ಫೆಲೋಗಳು

ಹೋಲಿಕೆಗೆ ಒಂದು ಬೇರೆ ದಾರಿಯನ್ನೂ ನೋಡೋಣ. ಜೈರಾಮ್ ರಮೇಶ್ ಗ್ರಾಮೀಣಾಭಿವೃದ್ಧಿ ಸಚಿವರಾಗಿದ್ದಾಗ, 2012ರಲ್ಲಿ, ಪ್ರಧಾನಮಂತ್ರಿ ಗ್ರಾಮೀಣಾಭಿವೃದ್ಧಿ ಫೆಲೋಶಿಪ್‌ನ ಮೊದಲ ತಂಡ ಕೆಲಸಕ್ಕೆ ಇಳಿಯಿತು. ಸುಮಾರು 150 ಯುವಜನರು ನಕ್ಸಲ್ ಪ್ರಭಾವದ ಜಿಲ್ಲೆಗಳಿಗೆ ಹೋದರು. ಮುಂಬೈಯ ಟಾಟಾ ಸಮಾಜ ವಿಜ್ಞಾನ ಸಂಸ್ಥೆ ಜೊತೆಗಿತ್ತು. ಇವರ ಜಾಗ ಕಲೆಕ್ಟರ್ ಪಕ್ಕ. ಆ ವಸಂತದಲ್ಲೇ, ಏಪ್ರಿಲ್ 21ರಂದು, ಛತ್ತೀಸಗಢದ ಸುಕ್ಮಾ ಜಿಲ್ಲೆಯ ಕಲೆಕ್ಟರನ್ನೇ ಮಾವೋವಾದಿಗಳು ಅಪಹರಿಸಿದರು. ಮೇ 3ಕ್ಕೆ ಬಿಟ್ಟರು. ಎಂಥ ನೆಲಕ್ಕೆ ಆ ಮಕ್ಕಳು ಹೋದರು ಅನ್ನುವುದಕ್ಕೆ ಇಷ್ಟು ಸಾಕು. ಅವರ ಧೈರ್ಯಕ್ಕೆ ನನ್ನ ಪೂರ್ತಿ ಗೌರವ ಇದೆ.

ಆ ಮಾದರಿಯ ಬಲ ಏನೆಂದರೆ ವೇಗ. ಕಲೆಕ್ಟರ್ ಒಂದು ಮಾತು ಹೇಳಿದರೆ ನಿಂತುಹೋದ ಕೂಲಿ ಹಣ ಬಿಡುಗಡೆ ಆಗುತ್ತದೆ, ಬಾಗಿಲು ಮುಚ್ಚಿದ ಅಂಗನವಾಡಿ ತೆರೆಯುತ್ತದೆ. ಹಳ್ಳಿಯ ಮನೆಯಲ್ಲಿ ಕೂತ ಅಪ್ರೆಂಟಿಸ್‌ಗೆ ಅಂಥ ಬಲ ಎಂದೂ ಸಿಗುವುದಿಲ್ಲ. ಆದರೆ ಆ ಬಲ ಕಲೆಕ್ಟರದ್ದು. ಅವರ ವರ್ಗಾವಣೆ ಆದ ದಿನ ಫೆಲೋ ಮತ್ತೆ ಸೊನ್ನೆಯಿಂದ ಶುರು ಮಾಡಬೇಕು. ಊರಿನವರು ಅವನನ್ನು ನೋಡುವುದೂ ಜೀಪಿನಲ್ಲಿ ಬಂದವನಾಗಿಯೇ.

ಇಂಥ ಹುಡುಕಾಟ ಕರ್ನಾಟಕಕ್ಕೆ ಹೊಸದೂ ಅಲ್ಲ. 1950ರ ದಶಕದಲ್ಲೇ ಮೈಸೂರಿನ ಹತ್ತಿರ ಯಲ್ವಾಲದಲ್ಲಿ ‘ಆಲೋಕ’ ಎಂಬ ತರಬೇತಿ ಕೇಂದ್ರ ಇತ್ತು. ರೋಲ್ಫ್ ಲಿಂಟನ್ ಅದನ್ನು ನಡೆಸುತ್ತಿದ್ದರು. ಏಷ್ಯಾದ ಬೇರೆ ಬೇರೆ ದೇಶಗಳ ಯುವ ಕಾರ್ಯಕರ್ತರು ಅಲ್ಲಿಗೆ ಬರುತ್ತಿದ್ದರು. ಯಲ್ವಾಲದ ರಸ್ತೆಯಲ್ಲಿ ಹಾದುಹೋಗುವ ನಮ್ಮಲ್ಲಿ ಎಷ್ಟು ಜನರಿಗೆ ಇದು ಗೊತ್ತಿದೆ? ಹುಡುಕಿ ಬರೆಯಬೇಕಾದ ಇನ್ನೊಂದು ಪ್ರಕರಣ ಅದು.

ಕಾಲೇಜಿನೊಳಗೆ ಹೋದ ಹಳ್ಳಿ

2012ರಲ್ಲೇ ‘ಪ್ರದಾನ್’ ಇನ್ನೊಂದು ಪ್ರಯತ್ನ ಮಾಡಿತು. ದೆಹಲಿಯ ಅಂಬೇಡ್ಕರ್ ವಿಶ್ವವಿದ್ಯಾಲಯದ ಜೊತೆ ಸೇರಿ ಅಭಿವೃದ್ಧಿ ಕೆಲಸದಲ್ಲಿ ಎಂ.ಫಿಲ್. ಶುರು ಮಾಡಿದರು. ವಿದ್ಯಾರ್ಥಿಗಳು ತಿಂಗಳುಗಟ್ಟಲೆ ಹಳ್ಳಿಯಲ್ಲಿದ್ದು, ಊರಿನವರ ಜೊತೆ ಸೇರಿ ಸಂಶೋಧನೆ ಮಾಡಬೇಕು. ವಿಶ್ವವಿದ್ಯಾಲಯ ಅಂದರೆ ಹಳ್ಳಿಯಿಂದ ದೂರ ಹೋಗುವ ದಾರಿ ಅನ್ನುವುದು ನಮ್ಮಲ್ಲಿ ಗಟ್ಟಿಯಾಗಿ ಕೂತಿದೆ. ಅದನ್ನು ತಿರುಗಿಸುವ ಪ್ರಯತ್ನ ಇದು. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಎಂ.ಫಿಲ್. ಪದವಿಯನ್ನೇ ಕೈಬಿಡಬೇಕು ಅಂದಿತು. ಪದವಿಯ ಹೆಸರು ಹೋಗಬಹುದು. ತಿಂಗಳುಗಟ್ಟಲೆ ಹಳ್ಳಿಯಲ್ಲಿರಬೇಕು ಅನ್ನುವ ಅಂಶವನ್ನು ನಮ್ಮ ಧಾರವಾಡ, ರಾಯಚೂರು, ಶಿವಮೊಗ್ಗದ ಕೃಷಿ ವಿಶ್ವವಿದ್ಯಾಲಯಗಳೂ, ಎಂ.ಎಸ್.ಡಬ್ಲ್ಯೂ. ಕಾಲೇಜುಗಳೂ ಇನ್ನೂ ಗಟ್ಟಿಯಾಗಿ ಹಿಡಿಯಬಹುದು. ಕಟ್ಟಡವೇನೂ ಬೇಕಿಲ್ಲ ಇದಕ್ಕೆ. ಒಪ್ಪುವ ಕುಟುಂಬಗಳು ಬೇಕು, ಅವರ ಊಟದ ಖರ್ಚು ಕೊಡುವ ವ್ಯವಸ್ಥೆ ಬೇಕು, ವಾರಕ್ಕೊಮ್ಮೆ ಬಂದು ಕೂತು ಕೇಳುವ ಒಬ್ಬ ಹಿರಿಯರು ಬೇಕು.

ಕೊನೆಯದೇ ಎಲ್ಲಕ್ಕಿಂತ ಕಷ್ಟ. ಫೀಲ್ಡ್ ಗೈಡ್ ಇಲ್ಲದಿದ್ದರೆ ಹಳ್ಳಿ ವಾಸ ಬರಿ ಒಂಟಿತನ ಆಗುತ್ತದೆ. ಹಿರಿಯರಿಗೆ ಅದಕ್ಕೆ ಸಮಯ ಬಿಡಿಸಿಕೊಡಬೇಕು, ಅವರ ಬೇರೆ ಗುರಿಗಳನ್ನು ಕಡಿಮೆ ಮಾಡಬೇಕು. ಫೆಲೋಶಿಪ್ ಬಜೆಟ್‌ಗಳಲ್ಲಿ ಹೋಟೆಲ್ಲಿನಲ್ಲಿ ನಡೆಸುವ ಕಾರ್ಯಾಗಾರಕ್ಕೆ ಹಣ ಸಿಗುತ್ತದೆ. ಹಿರಿಯರ ಈ ಸಮಯಕ್ಕೆ ಸಿಗುವುದು ಕಷ್ಟ.

ನನ್ನ ಬದನೆ ಬೀಜ ಒಣಗಿದ ಊರಿಗೆ ನಾನು ಆಮೇಲೆ ಮತ್ತೆ ಹೋಗಿದ್ದೆ, ಈ ಸಲ ಯಾವ ಕಾಗದವೂ ಇಲ್ಲದೆ. ಅದೇ ಅವ್ವನ ಮನೆಯಲ್ಲಿ ನಾಲ್ಕು ದಿನ ಇದ್ದೆ. ಬೆಳಿಗ್ಗೆ ಐದಕ್ಕೆ ಅವರ ಜೊತೆ ಕೊಡ ಹಿಡಿದು ಬೋರ್‌ವೆಲ್ಲಿಗೆ ಹೋದಾಗ ದಾರಿಯಲ್ಲಿ ಒಂದು ಹಾಳು ಬಾವಿ ತೋರಿಸಿದರು. ಮೊದಲು ಇಡೀ ಓಣಿ ಅಲ್ಲಿಂದಲೇ ನೀರು ಸೇದುತ್ತಿತ್ತಂತೆ. ಹೂಳು ತುಂಬಿ ನಿಂತುಹೋಗಿತ್ತು. ಇದನ್ನು ಮೊದಲೇ ಯಾಕೆ ಹೇಳಲಿಲ್ಲ ಅಂತ ಕೇಳಿದೆ.

“ನೀ ಕೇಳಿದ್ದು ಬೀಜ ಬೇಕೇನು ಅಂತ” ಅಂದರು. “ಬಾವಿ ಬಗ್ಗೆ ಯಾರು ಕೇಳಿದ್ರು?”